ಗೆರೆ ಕಲಿಯುವ ಕೋಣೆ

ನವನಗರದ ಆಸ್ಪತ್ರೆಯ ತಳಮಹಡಿಯಲ್ಲಿ
ಕಿಟಕಿಯಿಲ್ಲದ ಕೋಣೆ. ಆರು ಕಂಪ್ಯೂಟರು, ಏಸಿಯ ಚಳಿ.
ನನ್ನ ಪರದೆಯ ಮೇಲೆ
ಹೆಸರು ಅಳಿಸಿದ ಒಬ್ಬ ಗಂಡಸಿನ ಕುತ್ತಿಗೆ,
ಮೂರು ಮಿಲಿಮೀಟರಿಗೊಂದು ಹೋಳು,
ನೂರಾ ಹನ್ನೆರಡು ಹೋಳು.
ವಯಸ್ಸು ಐವತ್ತೆಂಟು. ತಂಬಾಕು, ಮೂವತ್ತು ವರ್ಷ.
ಗೊತ್ತಿರುವುದು ಇಷ್ಟೇ.

"ಇಂವಗ ಏನೂ ಆಗೂದಿಲ್ಲ, ಹೆದರಬ್ಯಾಡ್ರಿ,"
ಅಂದರು ಕಲಾದಗಿ ಸರ್,
"ಇಂವಂದು ಮುಗದು ಆರು ವರ್ಷ ಆತು.
ಗಂಟ ಎಲ್ಲೈತಿ ನೋಡಿ ಗೆರಿ ಹಾಕ್ರಿ."
ಮುಗಿದದ್ದು ಚಿಕಿತ್ಸೆಯೋ ಮನುಷ್ಯನೋ
ಅವರು ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಗಂಟಿನ ಸುತ್ತ ಕೆಂಪು.
ಕಣ್ಣಿಗೆ ಕಾಣದ ಬೇರು ಹಬ್ಬಿರಬಹುದಾದಲ್ಲಿಗೆ ಕಿತ್ತಳೆ.
ಇನ್ನು, ಅವನು ಉಸಿರಾಡುತ್ತಾನೆ, ಕೆಮ್ಮುತ್ತಾನೆ,
ಇಂದು ಮಲಗಿದ ಹಾಗೇ ನಾಳೆ ಮಲಗುವುದಿಲ್ಲ,
ಅದಕ್ಕೊಂದು ಹಳದಿ.
ಭಯಕ್ಕೆ ಯಂತ್ರ ಬಣ್ಣ ಕೊಟ್ಟಿರಲಿಲ್ಲ.
ಹಳದಿಯನ್ನೇ ಇನ್ನಷ್ಟು ದೂರ ಎಳೆದೆ.
ಸೇರಲಿ,
ಬಿಟ್ಟುಹೋಗುವುದಕ್ಕಿಂತ ಸೇರುವುದೇ ಮೇಲು.

ಗುಂಡಿ ಒತ್ತಿದೆ.
ಬಲ್ಲವರು ಎಳೆದ ಗೆರೆ ಮೇಲೆದ್ದು ಬಂತು, ಹಸಿರು,
ನನ್ನದರ ಒಳಗೆ, ಸಣ್ಣದಾಗಿ.
ಹೊಂದಾಣಿಕೆ ನೂರಕ್ಕೆ ಅರವತ್ತೊಂದು.

ಸರ್ ಬೆರಳಿಟ್ಟರು, ಪರದೆಗಲ್ಲ, ತಮ್ಮ ಕಿವಿಯ ಕೆಳಗೆ.
"ಇಲ್ಲಿ ಉಗುಳಿನ ಗ್ರಂಥಿ ಐತಿ. ಎರಡೂ ಕಡೆ ಸುಟ್ರಿ ನೀವು.
ಗಂಟ ಹೋತು, ಖರೆ.
ಆದ್ರ ಇಂವ ಬಾಗಲಕೋಟಿ ಮನಶ್ಯಾ.
ಕಟಕ ರೊಟ್ಟಿ ಹೆಂಗ ನುಂಗ್ತಾನ ಹೇಳ್ರಿ?
ಇನ್ನ ಇಪ್ಪತ್ತ ವರ್ಷ ಅಂಬಲಿ ಕುಡಕೋತ ಕುಂದ್ರಲೇನು?"

ನಮ್ಮಪ್ಪ ಹಸನಸಾಬ ನದಾಫ
ಮೋಜಣಿ ಕಚೇರಿಯಲ್ಲಿ ಸರಪಳಿ ಹಿಡಿಯುತ್ತಿದ್ದ.
ಹಳೇ ಊರಿನ ಗೋಡೆಗೋಡೆಗೆ, ನೀರು ಎಲ್ಲಿತನಕ ಅಂತ,
ಕೆಂಪು ಬಣ್ಣದಲ್ಲಿ ಗುರುತು ಬರೆದವನು.
ಕಿಲ್ಲಾದಲ್ಲಿ, ಹಳಪೇಟೆಯಲ್ಲಿ,
ತನ್ನ ಮಾವನ ಮನೆಯ ಕಟ್ಟೆಗೂ.
ನೀರು ಬಂತು. ಕೆಲವು ಕಡೆ ಗುರುತಿನ ತನಕ,
ಕೆಲವು ಕಡೆ ಬರಲೇ ಇಲ್ಲ;
ಒಣ ಹೊಸ್ತಿಲುಗಳು ಜನರಿಲ್ಲದೆ ಕಾದವು.
"ಅಲಿ ಏಳ್ತಾವು, ಹೊಳಿ ಉಕ್ಕತೈತಿ,
ಸ್ವಲ್ಪ ಮ್ಯಾಲ ಹಾಕ್ಲೇ ಹಸನಾ, ಅಂತಿದ್ರು ಸಾಹೇಬ್ರು.
ಆ ಸ್ವಲ್ಪದಾಗ ಎಷ್ಟ ಮನಿ ಇದ್ವು, ಗೊತ್ತೈತೇನು?"
ಈಗಲೂ ಉಂಡು ಕೈ ತೊಳೆಯುವಾಗ ಎಣಿಸುತ್ತಾನೆ,
ಮನೆತನದ ಹೆಸರು ಹಿಡಿದು, ಒಂದೊಂದೇ.
ಬರೀ ಕೂಲಿಯವ ಅವನು. ಗೆರೆ ಅವನದಲ್ಲ.
ಇದು ನನ್ನದು.

ಮಧ್ಯಾಹ್ನ ನಮ್ಮನ್ನೇ ಸರದಿಯಂತೆ ಮಲಗಿಸಿದರು.
ಬಿಸಿನೀರಲ್ಲಿ ಮೆತ್ತಗಾದ ಜಾಲರಿಯ ಹಾಳೆ
ತಟ್ಟಿದ ಹಸಿ ರೊಟ್ಟಿಯ ಹಾಗೆ ಮುಖಕ್ಕೆ ಬಿತ್ತು,
ಮೂಗು ಗಲ್ಲ ಹಿಡಿದು, ಆರಿ, ಬಿಗಿಯಿತು.
ಅಂಚಿಗೆ ಐದು ಚಿಲಕ.
ಹಣೆಯ ಮೇಲೆ ಲೇಸರಿನ ಕೆಂಪು ಎಳೆ.
ಎಲ್ಲರೂ ಹೊರಗೆ ಹೋದರು, ದಪ್ಪ ಬಾಗಿಲು ಮುಚ್ಚಿತು.
ಕಿರಣವಿಲ್ಲ, ಏನಿಲ್ಲ,
ಸುಮ್ಮನೆ ಹನ್ನೊಂದು ನಿಮಿಷ.
ಮೂಗಿನ ತುದಿ ಕೆರೆಯಿತು.
ಉಗುಳು ನುಂಗಬೇಕೆನಿಸಿತು, ನುಂಗಿದೆ.
ನುಂಗಲು ಅದು ಇತ್ತು.
ಇಪ್ಪತ್ತೇಳು ವರ್ಷ ಬಾಯಲ್ಲೇ ಇದ್ದದ್ದು.

ಸಂಜೆ ಮತ್ತೆ ಅದೇ ಕುತ್ತಿಗೆ.
ಈ ಸಲ ಕೈ ಬಿಗಿಹಿಡಿದೆ; ಎಡ ಗ್ರಂಥಿ ಉಳಿಯಿತು,
ಬಲಕ್ಕೆ ಅರ್ಧ ಉಳಿಯಿತು.
ನಲವತ್ತೇಳನೇ ಹೋಳಿನಲ್ಲಿ
ಗಂಟಿನ ಒಂದು ಮೂಲೆ, ಸಾಸಿವೆಯಷ್ಟು,
ಗೆರೆಯ ಹೊರಗೆ ಉಳಿಯಿತು.
ಎಪ್ಪತ್ತೊಂಬತ್ತು, ಅಂದಿತು ಯಂತ್ರ.
ಆ ಸಾಸಿವೆಯ ಹತ್ತಿರ ಸರ್ ಬಹಳ ಹೊತ್ತು ಕೂತರು,
ಬೈಯಲಿಲ್ಲ. ಕನ್ನಡಕ ತೆಗೆದು ಅಂಗಿಗೆ ಒರೆಸಿದರು.
ಸೋಮವಾರ ಶಿರೂರಿನಿಂದ ಒಬ್ಬರು ಬರುತ್ತಾರಂತೆ,
ನೇಕಾರರು. ಅವರಿಗೆ ಹೆಸರಿದೆ.

ಏಳುವ ಮುಂಚೆ ಎಲ್ಲ ಬಣ್ಣ ಅಳಿಸಿದೆ.
ನಾಳೆ ಬೇರೆಯವರು ಕಲಿಯಬೇಕು ಅವನ ಮೇಲೆ.
ಗೆರೆಯಿಲ್ಲದ ಕುತ್ತಿಗೆ, ಬೂದುಬಣ್ಣ,
ಯಾವುದೋ ಗುಟುಕು ನುಂಗುವ ನಡುವೆ
ತಡೆದು ನಿಂತ ಹಾಗೆ.