ಐತವಾರದ ಲೆಕ್ಕ

ಸಿಮಿಟಿ ಚೀಲದ ಕಾಗದ ಬಿಚ್ಚಿ, ಕೊಡವಿ,
ಒಳಮಗ್ಗಲಕ್ಕ ನನ್ನ ಮಗಳು ಹುಲಿಗೆಮ್ಮ ಬರೀತಾಳ:
ಝುವಾರಿನಗರದಿಂದ ಮಡಗಾಂವ್, ಐದು ಮಂದಿ.
ಮಡಗಾಂವ್‌ದಿಂದ ಸಾಂಗೇ ಮಟ, ಐದು ಮಂದಿ.
ಅಲ್ಲಿಂದ ಮುಂದ ಏನರ ಸಿಕ್ಕರ ಸಿಕ್ತು,
ಇಲ್ಲಂದ್ರ ನಡದು.
ತಮ್ಮಗ ಟಿಕೀಟು ಬ್ಯಾಡ. ವಯಸ್ಸು ಕೇಳಿದ್ರ
ನಾಕು ಅನ್ನಬೇಕು. ಮುಂದಿನ ಹಲ್ಲು ಬಿದ್ದದ್ದು
ಕಂಡಕ್ಟರಗ ಕಾಣಬಾರದು,
ಮಡಗಾಂವ್ ಬರೂ ಮಟ ಬಾಯಿ ಮುಚ್ಚಿರಬೇಕು.

ಹೊಳಿ ದಂಡಿಗೆ ಪಾರ್ಕ್ ಮಾಡ್ಯಾರಂತ.
ಕಲ್ಲಿನ ಹಾಸಿನ ಮ್ಯಾಲೆ ಹೆಜ್ಜಿ ಅದಾವಂತ,
ಮನಶ್ಯಾರು ಹುಟ್ಟೂಕಿಂತ ಎಷ್ಟೋ ಮೊದಲಿನವು.
ಸಾಲಿ ಅಕ್ಕೋರು ಹೇಳ್ಯಾರ:
ಹಸೀ ಕೆಸರಾಗ ತುಳದು ಹೋಗಿದ್ವು,
ಕೆಸರು ಹೋಗಿ ಕಲ್ಲಾತು,
ಹೋದದ್ದು ಹೋತು, ಹೆಜ್ಜಿ ಉಳೀತು.

ಸೆಂಟ್ರಿಂಗ್ ಹಾಕೋ ಮೈದುನ ನಿಂಗಪ್ಪ ನಗತಾನ.
"ಯಾವನೋ ಕೆಲಸಿಲ್ಲದವ ಕೆತ್ತಿರತಾನ ತಗೀ.
ನಾ ಅಂತೂ ಬರಾಂಗಿಲ್ಲ."
ಆಮ್ಯಾಲೆ ಬೀಡಿ ಆರಿಸಿ, ಮೆಲ್ಲಕ ಕೇಳತಾನ:
"ಅಲ್ಲಾ, ಅಷ್ಟು ಗಟ್ಟಿ ಆಗೂ ಮಟ
ಕ್ಯೂರಿಂಗಿಗೆ ನೀರು ಹೊಡದೋರು ಯಾರು?"

ಮೂರು ಐತವಾರ ಆತು ಹಿಂಗ ಬರದು ಬರದು.
ಒಂದು ಸ್ಲ್ಯಾಬಿಗೆ ಹೋತು, ಒಂದು ಜ್ವರಕ್ಕ,
ಒಂದು ಬರೇ ನಿದ್ದಿಗೆ.
ಗಂಡ ದ್ಯಾಮಣ್ಣ ಪಗಾರದ ಕವರು ಎಣಿಸಿ
ಮತ್ತ ಎಣಿಸಿ, ಗ್ವಾಡಿ ಕಡೆ ನೋಡತಾನ,
ಉಳಿದದ್ದು ಗ್ವಾಡ್ಯಾಗ ಬರದಿಟ್ಟಾರೇನೋ ಅನ್ನುವಂಗ.

ಅತ್ತಿ ಎಲಿಗೆ ಸುಣ್ಣ ಹಚ್ಚಿಕೋತ ಕೇಳಿದಳು:
"ಆ ಹೆಜ್ಜಿ ಹೊಳೀ ಕಡೆ ಹೊಂಟಾವೇನು,
ಹೊಳಿಯಿಂದ ತಿರುಗಿ ಬಂದಾವೇನು?"
ಹುಲಿಗೀ ಪೆನ್ನು ನಿಂತಿತು.
ಅಕ್ಕೋರು ಹೇಳಿಲ್ಲ ಅದನ್ನ.
"ನೀರು ಕುಡದು ಹೋತೋ, ಬಾಯಾರಿ ಹೋತೋ,
ಇಷ್ಟೂ ತಿಳೀದ ರೊಕ್ಕ ಸುಡಬ್ಯಾಡ್ರಿ."

ನಾ ಏನೂ ಅನಲಿಲ್ಲ. ನನಗ ಬ್ಯಾರೇದು ನೆಪ್ಪಾತು.
ಚಿಕಾಲಿಮ್ ಬಿಲ್ಡಿಂಗು, ನಾಕನೇ ಮಾಳಗಿ.
ಇಕೀಗೆ ವರ್ಷದ ಮ್ಯಾಲೆ ಎರಡು ತಿಂಗಳು.
ಸೀರಿ ಜೋಳಿಗ್ಯಾಗ ಮಲಗಿಸಿದ್ದೆ, ಯಾವಾಗ ಇಳದಳೋ,
ಹಸೀ ಕಾಂಕ್ರೀಟಿನ ಮ್ಯಾಲೆ ನಡದಬಿಟ್ಟಳು.
ಒಂಬತ್ತು ಹೆಜ್ಜಿ. ಎಣಿಸೇನಿ.
ಯಾರ ಕೈಯೂ ಹಿಡೀಲಾರದ ಮೊದಲ ನಡದದ್ದು ಅವತ್ತ.
ಕುಣಿಯಬೇಕೋ ಬೈಯಬೇಕೋ ತಿಳೀಲಿಲ್ಲ,
ಬುಟ್ಟಿ ಹೊತ್ತಕೊಂಡ ನಿಂತಿದ್ದೆ.
ಮೇಸ್ತ್ರಿ ಕರಣಿ ಎಳದ. ಎಂಟು ಅಳಿಸಿದ.
ಪೈಪಿನ ಹಿಂದಿನ ಮೂಲ್ಯಾಗಿನ ಒಂದು
"ಇರಲಿ ಬಿಡವಾ, ಯಾರು ನೋಡತಾರ" ಅಂದ.
ಅದರ ಮ್ಯಾಲೆ ಟೈಲ್ಸ್ ಹಾಕಿ ಈಗ ಯಾರೋ ಅದಾರ.
ಬಾಲ್ಕನ್ಯಾಗ ಕೆಂಪು ದಾಸವಾಳ ಇಟ್ಟಾರ,
ಬಸ್ಸಿನಾಗಿಂದ ಕಾಣತೈತಿ.

ಆ ಹೆಜ್ಜಿ ಎತ್ತಾಗ ಹೊಂಟಿತ್ತು ಅಂತ
ಅತ್ತಿ ನನ್ನ ಕೇಳಿದ್ದರ ಹೇಳತಿದ್ದೆ.
ಮೂಲ್ಯಾಗ ನಿಂತಾಕಿ ನಾನು.

"ರೊಟ್ಟಿ ಇಪ್ಪತ್ತು," ಹುಲಿಗಿ ಬರೀತಾಳ,
"ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಅಜ್ಜಿ ಮೊಣಕಾಲಿಗೆ ಎಣ್ಣಿ."
"ಚಪ್ಪಲಿ ಹೊರಗ ಬಿಡಬೇಕೇನು ಅಲ್ಲಿ?" ಅತ್ತಿ ಕೇಳತಾಳ.
"ಗುಡಿ ಅಲ್ಲಬೇ ಅದು."
"ಅಲ್ಲದಿದ್ರೂ."

ಬಾಗಲದಾಗ ಕುಂತ ನಿಂಗಪ್ಪ ಈ ಕಡೆ ತಿರುಗಲಾರದ
"ಐದು ತಿದ್ದಿ ಆರು ಮಾಡವಾ" ಅಂದ.
ಅಕಿ ಉಗುಳು ಹಚ್ಚಿ ತಿಕ್ಕಿದಳು,
ಕಾಗದ ಹರೀತು, ಬಾಜೂಕ ಬರದಳು.

ತಮ್ಮ ಈಗಿಂದನ
ಬಾಯಿ ಮುಚ್ಚಿಕೊಂಡು ಕುಂತಾನ.