ಪ್ರೊ. ಜಲಜಾಕ್ಷಿ

ಬೋರ್ಡು ಬರೆಯುವವ ಏಣಿಯ ಮೇಲಿಂದಲೇ ಕೇಳಿದ,
"ಪ್ರೊಪ್ರೈಟರ್ ಯಾರಕ್ಕಾ? ಸಾರ್ ಹೆಸರು ಹೇಳಿ."
ಹೇಳಿದೆ.
ಕುಂಚದ ಕೈ ಒಂದು ಗಳಿಗೆ ನಿಂತಿತು,
ಹಳದಿ ಹನಿಯೊಂದು ನನ್ನ ಚಪ್ಪಲಿಗೆ ಬಿತ್ತು.
ಇನ್ನೂ ಇದೆ ಆ ಹನಿ. ಉಜ್ಜಿಲ್ಲ.

ಹಳದಿ, ಕಂಪನಿಯದು.
ಅರಶಿನದ್ದಲ್ಲ, ಸೇವಂತಿಗೆಯದಲ್ಲ,
ಪುಸ್ತಕದಲ್ಲಿ ನಂಬರು ಕೊಟ್ಟಿದ್ದಾರೆ ಅದಕ್ಕೆ.
ಅಕ್ಷರ ಇಷ್ಟೇ ಎತ್ತರ, ಕುರ್ಚಿ ಇಂಥದೇ,
ಫೋನೆತ್ತಿದರೆ ಮೊದಲು ಕಂಪನಿಯ ಹೆಸರು, ಆಮೇಲೆ ನಮಸ್ಕಾರ.
ಸೋಮವಾರ ಸಂಜೆಯೊಳಗೆ ಲೆಕ್ಕ,
ಬಂದ ನೂರರಲ್ಲಿ ಎಂಟು ಅವರಿಗೆ.
ಹೆಸರು ಅವರದು, ಬಾಡಿಗೆ ನನ್ನದು,
ಬೈಗುಳವೂ ನನ್ನದೇ.

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಹತ್ತೊಂಬತ್ತು ವರ್ಷ ಬೀಜ ಆರಿಸಿದವಳು ನಾನು.
ಬೆಲ್ಟಿನ ಮೇಲೆ ಹರಿದು ಬರುವ ಕಾಫಿಯಲ್ಲಿ
ಕಪ್ಪು, ಒಡಕು, ಹುಳ ಕೊರೆದದ್ದು,
ಕಣ್ಣಿಗೆ ಬೀಳುವ ಮೊದಲೇ ಬೆರಳು ಹೆಕ್ಕುತ್ತಿತ್ತು.
ಪಿ.ಎಫ್. ದುಡ್ಡು ಕೈಗೆ ಬಂದಾಗ
ಬ್ಯಾಂಕಿನಲ್ಲಿಡು ಅಂದರು ಮನೆಯವರು,
ಹಸು ಕಟ್ಟು ಅಂದಳು ಅತ್ತಿಗೆ.
ಮೈಸೂರಿಗೆ ಹೋಗಿ
ನಲವತ್ತೊಂದು ಪುಟದ ಅಗ್ರಿಮೆಂಟಿಗೆ ರುಜು ಹಾಕಿ
ಕೊನೆಯ ಬಸ್ಸಿಗೆ ವಾಪಸು ಬಂದೆ.
ಪಿರಿಯಾಪಟ್ಟಣ ದಾಟುವವರೆಗೂ
ಹಾಗೆ ಬಡಿದುಕೊಳ್ಳುತ್ತಿದ್ದದ್ದು ಎಂಜಿನ್ ಎಂದುಕೊಂಡಿದ್ದೆ.

ಈಗ ಬೀಜದ ಬದಲು ಪಹಣಿ.
ಹನ್ನೊಂದನೇ ಕಾಲಮ್ಮಿನಲ್ಲಿ ಅಡಗಿ ಕೂತ ಸಾಲ.
ಜಮ್ಮಾ ಬಾಣೆಯ ಪಟ್ಟೇದಾರ ತೀರಿಕೊಂಡು ಅರವತ್ತು ವರ್ಷ,
ಕಾಗದದಲ್ಲಿ ಇನ್ನೂ ಯಜಮಾನ.
ಅವನ ಹಿಂದೆ ಹನ್ನೆರಡು ಪಾಲು,
ಹೆಣ್ಣುಮಕ್ಕಳ ಹೆಸರು
ಪೆನ್ಸಿಲಿನಲ್ಲೂ ಇಲ್ಲ.
ಬೆರಳು ತಾನಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ.
ಕಪ್ಪು ಬೀಜ. ಪಕ್ಕಕ್ಕಿಡು.

"ಸಾರ್ ಇಲ್ವಾ ಮೇಡಂ?"
"ಇದ್ದೀನಿ. ಕೂತ್ಕೊಳ್ಳಿ."

ಮೊದಲ ವರ್ಷ. ಹೊಳೆಬದಿಯ ಬಡಾವಣೆ, ಹೊಸ ಬಣ್ಣದ ಮನೆ.
ಹುಣಸೂರಿನ ಹೆಡ್‌ಮಾಸ್ತರು, ಜೊತೆಗೆ ಹೆಂಡತಿ,
ಜೇಬಿನಲ್ಲಿ ಅಡ್ವಾನ್ಸ್ ಚೆಕ್ಕು.
ಅಡುಗೆಮನೆ ಬಾಗಿಲ ಹಿಂದೆ
ಬಣ್ಣದವನ ಕೈಗೆಟುಕದೆ ಉಳಿದಿತ್ತು
ಒಂದು ಕೆಸರಿನ ಗೆರೆ, ನನ್ನ ಭುಜದೆತ್ತರ.
"ಕಾವೇರಿ ಇಲ್ಲೀತನಕ ಬಂದಿದ್ದಳು" ಎಂದೆ.
ಅಷ್ಟೇ.
ಚೆಕ್ಕು ಜೇಬಿನಿಂದ ಹೊರಗೆ ಬರಲೇ ಇಲ್ಲ.

ಮಾರುವವ ಬೈದ. ಏರಿಯಾ ಮ್ಯಾನೇಜರು ಇಂಗ್ಲಿಷಿನಲ್ಲಿ ಏನೋ ಅಂದ,
ಅರ್ಥ ಕೇಳಲಿಲ್ಲ, ದನಿಯೇ ಸಾಕಿತ್ತು.
ಮೂರೇ ವಾರಕ್ಕೆ ಬೇರೆ ಬ್ರೋಕರ್ ಮಾರಿದ ಅದೇ ಮನೆಯನ್ನು.
ಒಳ್ಳೆಯ ಕೆಲಸ ಮಾಡಿದೆ ಎಂಬ ತಂಪು
ಒಂದು ರಾತ್ರಿಯೂ ನನಗೆ ಸಿಗಲಿಲ್ಲ.
ಸುಳ್ಳೇಕೆ,
ಸುಣ್ಣದ ಡಬ್ಬಿ ಹಿಡಿದು ಹೋಗಿ
ಆ ಗೆರೆ ನಾನೇ ಬಳಿದು ಬರಲೇ ಅನಿಸಿತ್ತು.

ಮೇಷ್ಟರು ಹೋದಲ್ಲೆಲ್ಲ ಹೇಳಿದರಂತೆ.
ಮಾತು ಹೊಳೆಯಂತಲ್ಲ, ಮೇಲಕ್ಕೂ ಹರಿಯುತ್ತದೆ:
ಹೆಬ್ಬಾಲೆಯಿಂದ, ಸೋಮವಾರಪೇಟೆಯಿಂದ, ಆ ಕಡೆ ಬೆಟ್ಟದಪುರದಿಂದ
ಜನ ಬಂದು ಪಕ್ಕದ ಬೇಕರಿಯಲ್ಲಿ ಕೇಳುತ್ತಾರೆ,
"ಗೆರೆ ತೋರಿಸೋ ಅಕ್ಕ ಎಲ್ಲಿ?"
ಕಂಪನಿಯ ಹೆಸರು ಯಾರಿಗೂ ಬಾಯಿಗೆ ಬರುವುದಿಲ್ಲ.

ಈ ವರ್ಷ ಮೈಸೂರಿನ ಹೋಟೆಲಿನಲ್ಲಿ ಸಭೆ.
ವಿರಾಜಪೇಟೆ ಬ್ರಾಂಚು ಚೋಂದವ್ವನದು,
ಸುಂಟಿಕೊಪ್ಪ ನಫೀಸಳದು, ನಾನು.
ಕೊಡಗಿನ ಮೂವರನ್ನೂ ವೇದಿಕೆಗೆ ಕರೆದು
ಕೈಗೆ ಗಾಜಿನದೊಂದು ಕೊಟ್ಟು ಫೋಟೋ ತೆಗೆದರು.
"ಇದರಲ್ಲಿ ಏನು ಹಾಕಿಡೋದು?" ನಫೀಸ ಪಿಸುಗುಟ್ಟಿದಳು.
ಚೋಂದವ್ವ ನಕ್ಕದ್ದು ಮೈಕಿಗೆ ಕೇಳಿಸಿತು.
ನನ್ನದು ಈಗ ಮೇಜಿನ ಮೇಲೆ,
ಫ್ಯಾನಿನ ಗಾಳಿಗೆ ಪಹಣಿ ಹಾರದಂತೆ ಕೂತಿದೆ.

ಬೇಕರಿ ಹುಡುಗ ನಿನ್ನೆ ಟೀ ತಂದವ
ತಲೆಯೆತ್ತಿ ಬೋರ್ಡು ಓದಿದ:
"ಪ್ರೊ. ಅಂದ್ರೆ ಪ್ರೊಫೆಸರಾ ಅಕ್ಕ? ಏನು ಪಾಠ ಮಾಡ್ತೀರಿ?"
ಉತ್ತರ ಯೋಚಿಸುವಷ್ಟರಲ್ಲಿ ಫೋನು ಹೊಡೆಯಿತು.
ಮೊದಲು ಕಂಪನಿಯ ಹೆಸರು, ಆಮೇಲೆ ನಮಸ್ಕಾರ.
ಮರೆತು,
"ಜಲಜಾಕ್ಷಿ. ಹೇಳಿ" ಅಂದೆ.