ತವರದ ಮೂಗು

ಉಲಾನ್‌ಬಾತರ್. ಹೊರಗೆ ಮೈನಸ್ ಮೂವತ್ತೊಂದು.
ಲ್ಯಾಬಿನ ಕಿಟಕಿಯ ಒಳಮೈಗೂ ಹಿಮ ಕಟ್ಟಿದೆ. ಸರಂಗೆರೆಲ್
ತವರದ ಕ್ಲೋರೈಡಿಗೆ ಅಮೋನಿಯಾ ತೊಟ್ಟಿಕ್ಕಿಸುತ್ತಾಳೆ,
ಒಂದು ಹನಿ, ತಡೆ, ಇನ್ನೊಂದು.
ತಿಳಿನೀರು ಒಡೆದ ಹಾಲಾಗುತ್ತದೆ.

ತೊಳೆಯಬೇಕು. ಏಳು ಸಲ, ಒಂಬತ್ತು ಸಲ,
ಬೆಳ್ಳಿಯ ದ್ರಾವಣ ಬಿಟ್ಟರೂ
ತೊಳೆದ ನೀರು ಮಬ್ಬಾಗದಿರುವ ತನಕ.
ಆಮೇಲೆ ಕುಲುಮೆ, ಐನೂರು ಡಿಗ್ರಿ.
ಉಳಿದದ್ದು ಒಂದು ಚಿಟಿಕೆ ಪುಡಿ:
ಕೂದಲೆಳೆಯನ್ನು ಹತ್ತು ಸಾವಿರ ಸೀಳಿದರೆ
ಒಂದು ಸೀಳಿನಷ್ಟು ಅದರ ಕಣ.
ಉಸಿರು ಬಿಗಿಹಿಡಿದು ತೂಗುತ್ತಾಳೆ.
ಸೀನಿದರೆ ವಾರದ ದುಡಿಮೆ ಗಾಳಿಪಾಲು.

ಕಾದ ಕಣದ ಮೈಗೆ ಆಮ್ಲಜನಕ ಅಂಟಿ
ಎಲೆಕ್ಟ್ರಾನುಗಳನ್ನು ಒತ್ತೆ ಹಿಡಿದು ಕೂತಿರುತ್ತದೆ.
ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ಬಂದು
ಆಮ್ಲಜನಕದ ಕೈಹಿಡಿದು ಹೊರಟರೆ
ಒತ್ತೆಯ ಎಲೆಕ್ಟ್ರಾನು ತವರಕ್ಕೆ ಮರಳುತ್ತದೆ,
ತವರಿಗೆ ಮರಳಿದ ಹಾಗೆ, ಓಡೋಡಿ.
ಆ ಓಟವೇ ಗಂಟೆ.

ಬಾಯನ್‌ಖೋಶುವಿನ ಇಳಿಜಾರಲ್ಲಿ ಉಣ್ಣೆ ಹೊದ್ದ ದುಂಡು ಮನೆಗಳು.
ಹೋದ ಚಳಿಗಾಲ ಅಜ್ಜಿ ದುಲಮ್‌ಸುರೇನಳ ಪಕ್ಕದ ಗೆರ್‌ನಿಂದ
ಬೆಳಗಾದರೂ ಯಾರೂ ಹೊರಬಂದು
ಚಹಾದ ಮೊದಲ ಸೌಟನ್ನು ಆಕಾಶಕ್ಕೆ ಎರಚಲಿಲ್ಲ.
ನಾಯಿ ಬಾಗಿಲು ಕೆರೆಯುತ್ತಿತ್ತು.

ಮೊದಲ ಯಂತ್ರ ತೂಗಿದ್ದು ಅಜ್ಜಿಯ ಮನೆಯಲ್ಲೇ.
ಬಿಳಿ ತಿಂಗಳ ಹಬ್ಬ; ನೆಂಟರು ವೋಡ್ಕಾದ ಬಟ್ಟಲೆತ್ತಿದರು,
ಅದು ಕಿರುಚಿತು. ಮತ್ತೆ ಎತ್ತಿದರು, ಮತ್ತೆ.
"ನಿನ್ನ ಕೂಸಿಗೆ ಮೂಗಿನ ತುದಿಯಲ್ಲೇ ಕೋಪ" ಎಂದ ಅಜ್ಜಿ
ಬ್ಯಾಟರಿ ಕಿತ್ತು ರೇಡಿಯೋಗೆ ಹಾಕಿದಳು.

ಸರಂಗೆರೆಲ್ ವಾದಿಸಲಿಲ್ಲ.
ಮದ್ಯಕ್ಕೂ ಮರಣಕ್ಕೂ ಭೇದ ತಿಳಿಯದ ಮೂಗು
ಮೂಗಲ್ಲ ಎಂದು ಅವಳಿಗೂ ಗೊತ್ತು.
ಪುಡಿಗೆ ಪಲ್ಲೇಡಿಯಂ ಸೋಕಿಸಿದಳು, ಎರಡು ಚಳಿಗಾಲ.
ಬಾಯಿಗೆ ಇದ್ದಿಲಿನ ಪದರ ಕಟ್ಟಿದಳು,
ಒಲೆಯಲ್ಲಿ ಕೊಲ್ಲುವ ಕಲ್ಲಿದ್ದಲಿನ ದಾಯಾದಿಯೇ
ಈಗ ಬಾಗಿಲ ಕಾವಲು.

ಈ ಸಲ ಅಜ್ಜಿ ಬಟ್ಟಲನ್ನು ಅದರ ಮೂಗಿಗೇ ಹಿಡಿದಳು.
ಸುಮ್ಮನಿತ್ತು.
"ಸತ್ತಿದೆಯೇನೋ" ಎಂದು ಮಲಗಿಬಿಟ್ಟಳು.

ರಾತ್ರಿ ಮೂರು. ಹಸಿರು ಚುಕ್ಕೆ.
ಎಲ್ಲರ ಗೊರಕೆಯ ನಡುವೆ ಇವಳೊಬ್ಬಳಿಗೆ ನಿದ್ದೆಯಿಲ್ಲ:
ಈ ಮೌನ ಒಳ್ಳೆಯ ಗಾಳಿಯದೋ,
ಕೆಟ್ಟುಹೋದ ಯಂತ್ರದ್ದೋ?
ಕೊನೆಗೆ ತಡೆಯಲಾರದೆ ಎದ್ದು
ಒಲೆಯಿಂದ ಹೊಗೆಯಾಡುವ ಕೆಂಡವೊಂದನ್ನು ಇಕ್ಕಳದಲ್ಲೆತ್ತಿ
ಅದರ ಕೆಳಗೆ ಹಿಡಿದಳು.

ಕೂಗಿತು. ಮಕ್ಕಳು ಅತ್ತವು, ನಾಯಿ ಬೊಗಳಿತು,
ಅಳಿಯ ಕತ್ತಲಲ್ಲಿ ಬೂಟು ಹುಡುಕುತ್ತ ಬೈದ.
ಅಜ್ಜಿ ಗೊಣಗುತ್ತಲೇ ಬಾಗಿಲು ತೆರೆದಿಟ್ಟು,
ಹೇಗೂ ಎಚ್ಚರಾಯಿತಲ್ಲ ಎಂದು ಚಹಾಕ್ಕಿಟ್ಟು,
ಬೆಳಗಾಗಲು ಇನ್ನೂ ನಾಲ್ಕು ತಾಸಿರುವಾಗಲೇ
ಮೊದಲ ಸೌಟನ್ನು ಹೊರಗೆ ಎರಚಿದಳು.
ನೆಲ ಮುಟ್ಟುವ ಮೊದಲೇ ಅದು ಹರಳಾಯಿತು.